ನಮ್ಮಜ್ಜಿಗೆ ಬೆಳ್ಳುಳ್ಳಿ ತಿನ್ನಿಸಿದ ಯಂತ್ರ

ನನಗೆ ಸುಮ್ಮಸುಮ್ಮನೆ ಸಿಟ್ಟು ಬರುವುದಿಲ್ಲ. ಹೀಗೆಂದರೆ ನಮ್ಮ ಮನೆಯವರು ಓದುತ್ತಿರುವ ಪತ್ರಿಕೆಯನ್ನು ಚೂರು ಕೆಳಗಿಳಿಸಿ, ನನ್ನನ್ನೊಮ್ಮೆ ನೋಡಿ, ಮತ್ತೆ ಮುಖಕ್ಕೆ ಅಡ್ಡ ಹಿಡಿಯುತ್ತಾರೆ. ಮೂವತ್ತು ವರ್ಷದ ಸಂಸಾರದಲ್ಲಿ ಅವರು ಕಲಿತ ವಾದ ಅದೊಂದೇ. ಆದರೂ ಹೇಳುತ್ತೇನೆ, ನನ್ನ ಸಿಟ್ಟಿಗೆ ಯಾವತ್ತೂ ನ್ಯಾಯವಾದ ಕಾರಣ ಇರುತ್ತದೆ. ಮದುವೆಮನೆಯಲ್ಲಿ ನನ್ನದೇ ವಯಸ್ಸಿನ ನಾದಿನಿಯನ್ನು ತೋರಿಸಿ "ನಿಮ್ಮ ಮಗಳಾ?" ಎಂದು ಯಾರಾದರೂ ಕೇಳಿದರೆ ಸಿಟ್ಟು ಬರಬೇಕೋ ಬೇಡವೋ, ನೀವೇ ಹೇಳಿ. ಆದರೆ ಉಣ್ಣದ, ಉಸಿರಾಡದ, ಎದುರಿಗೆ ನಿಲ್ಲಿಸಿಕೊಂಡು ಬಯ್ಯಲೂ ಆಗದ ಒಂದು ಯಂತ್ರದ ಮೇಲೆ ಹತ್ತು ದಿನ ಕುದ್ದದ್ದು ಮಾತ್ರ ಇದೇ ಮೊದಲು.

ನಾನು ಅರಸೀಕೆರೆಯಲ್ಲಿ ಚಟ್ನಿಪುಡಿ ಮಾಡಿ ಮಾರುವವಳು. ಒಣಕೊಬ್ಬರಿ, ಬ್ಯಾಡಗಿ ಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆಹಣ್ಣು, ಉಪ್ಪು, ಅಷ್ಟೇ. ಊರಿನ ನಾಲ್ಕು ಅಂಗಡಿಗಳಿಗೆ ಕೊಡುತ್ತೇನೆ. ಹಳೇಬೀಡಿನಲ್ಲಿ ದೇವಸ್ಥಾನದ ಎದುರಿನ ಒಂದು ಅಂಗಡಿಗೂ ಹೋಗುತ್ತದೆ. ಚೆನ್ನಾಗಿಯೇ ನಡೆದಿತ್ತು. ಅಷ್ಟರಲ್ಲಿ ಒಂದು ಕಲ್ಯಾಣಮಂಟಪದಲ್ಲಿ ಸಣ್ಣ ಉದ್ಯಮದವರಿಗೆಂದು ಕೃತಕ ಬುದ್ಧಿಮತ್ತೆಯ ತರಬೇತಿ ಇಟ್ಟರು. ಮಧ್ಯಾಹ್ನ ಹೋಳಿಗೆ ಊಟ ಇದೆ ಎಂದು ತಿಳಿದ ಮೇಲೆ ನಮ್ಮ ಮನೆಯವರಿಗೆ ನನ್ನ ಉದ್ಯಮದ ಭವಿಷ್ಯದ ಬಗ್ಗೆ ಇದ್ದಕ್ಕಿದ್ದಂತೆ ಕಾಳಜಿ ಹುಟ್ಟಿತು. ಇಬ್ಬರೂ ಹೋದೆವು.

ಪಾಠ ಹೇಳಲು ಬಂದಿದ್ದ ಮಹಾಶಯರು ಕಿವಿಯ ಪಕ್ಕ ಮೈಕು ಸಿಕ್ಕಿಸಿಕೊಂಡು ಅತ್ತಿಂದಿತ್ತ ಓಡಾಡುತ್ತ, "ನಿಮ್ಮ ಉತ್ಪನ್ನಕ್ಕೆ ಒಂದು ಕಥೆ ಬೇಕು" ಎಂದರು. ನಾನು ಎದ್ದು ನಿಂತು, "ಚಟ್ನಿಪುಡಿಗೆ ಕಥೆ ಯಾಕೆ ಸಾರ್? ಬಿಸಿ ಅನ್ನ, ತುಪ್ಪ ಇದ್ರೆ ಸಾಕಲ್ವಾ?" ಎಂದೆ. ಎಲ್ಲರೂ ನಕ್ಕರು. ಅವರು ಮಾತ್ರ ನಗಲಿಲ್ಲ. "ಇದೇ ಮೇಡಂ, ನೀವು ಬೆಳೆಯದೇ ಇರೋದಕ್ಕೆ ಕಾರಣ" ಎಂದರು. ಅಷ್ಟು ಜನರ ನಡುವೆ! ಬೆಳೆದೇ ತೋರಿಸುತ್ತೇನೆ ಎಂದು ಹೋಳಿಗೆ ತಿನ್ನುವಾಗಲೇ ತೀರ್ಮಾನಿಸಿದೆ.

ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ತರಬೇತಿಯಲ್ಲಿ ಫೋನಿಗೆ ಹಾಕಿಕೊಟ್ಟ ಆ ಯಂತ್ರದಿಂದ ಉಪಕಾರವೂ ಆಯಿತು. ಉತ್ತರದ ಕಡೆಯಿಂದ ಬಂದ ಪ್ರವಾಸಿಗಳು ಹಿಂದಿಯಲ್ಲಿ ಕಳಿಸಿದ ಸಂದೇಶಕ್ಕೆ ಹಿಂದಿಯಲ್ಲೇ ಉತ್ತರ ಬರೆದುಕೊಟ್ಟಿತು. ಯಾವ ಅಂಗಡಿಗೆ ಎಷ್ಟು ದಿನಕ್ಕೊಮ್ಮೆ ಪುಡಿ ಕಳಿಸಬೇಕೆಂದು ಪಟ್ಟಿ ಮಾಡಿತು. ಈ ಹುಮ್ಮಸ್ಸಿನಲ್ಲೇ ಒಂದು ಸಂಜೆ ನಮ್ಮ ಮನೆಯವರು ಫೋನು ಹಿಡಿದು ಕೂತು, "ಚಟ್ನಿಪುಡಿಗೆ ಒಂದು ಒಳ್ಳೆಯ ಕಥೆ ಬರೆದುಕೊಡು, ಊರು ಅರಸೀಕೆರೆ, ಮಾರುವುದು ಹಳೇಬೀಡಿನಲ್ಲಿ" ಎಂದು ಕೇಳಿದರು. ನಾನು ಒಲೆಯ ಮುಂದೆ ಮೆಣಸಿನಕಾಯಿ ಹುರಿಯುತ್ತಿದ್ದೆ. ಅದು ಬರೆದದ್ದನ್ನು ಅವರು ಓದುತ್ತಿದ್ದರೆ ನಾನು ಘಾಟಿಗೆ ಕೆಮ್ಮುತ್ತಿದ್ದೆ. ಕೆಮ್ಮಿನ ನಡುವೆ "ಹ್ಞೂಂ" ಎಂದೆನಂತೆ. ಅವರು ಅದನ್ನೇ ಒಪ್ಪಿಗೆ ಎಂದುಕೊಂಡು ಮುದ್ರಣಕ್ಕೆ ಕೊಟ್ಟುಬಿಟ್ಟರು.

ಪೊಟ್ಟಣಕ್ಕೆ ಅಂಟಿಸುವ ಚೀಟಿಗಳು ಅಚ್ಚಾಗಿ ಬಂದಾಗ ಮೊದಲು ಕಂಡದ್ದು ಯಂತ್ರವೇ ಬಿಡಿಸಿದ ಒಬ್ಬ ಅಜ್ಜಿ. ಮೂವತ್ತೆರಡೂ ಹಲ್ಲು ಬಿಟ್ಟು ನಗುತ್ತ ಬೀಸುಕಲ್ಲಿನ ಮುಂದೆ ಕೂತಿದ್ದಳು. ನನಗೆ ತಿಳಿವಳಿಕೆ ಬಂದಾಗಿನಿಂದ ನಮ್ಮಜ್ಜಿಗೆ ಇದ್ದದ್ದು ಎರಡೇ ಹಲ್ಲು, ಅವನ್ನೂ ಅವಳು ಯಾರಿಗೂ ತೋರಿಸುತ್ತಿರಲಿಲ್ಲ. ಅಜ್ಜಿಯ ಹಿಂದೆ ಹಳೇಬೀಡಿನ ದೇವಸ್ಥಾನ, ಅದರ ಮೇಲೆ ನಿಜದಲ್ಲಿ ಇಲ್ಲವೇ ಇಲ್ಲದ ಮುಗಿಲೆತ್ತರದ ಗೋಪುರ! ಕೆಳಗೆ, "ಹೊಯ್ಸಳರ ಅರಮನೆಯ ಅಡುಗೆಮನೆಯಿಂದ ನನ್ನ ಅಜ್ಜಿಯ ಕೈಗೆ, ಅಜ್ಜಿಯ ಕೈಯಿಂದ ನಿಮ್ಮ ತಟ್ಟೆಗೆ." ಓದಿ ತಲೆ ಧಿಮ್ಮೆಂದಿತು. "ಇದೇನ್ರೀ ಇದು?" ಎಂದರೆ, "ಸಾವಿರ ಚೀಟಿ ಆಗಿದೆ. ಖರ್ಚಾಗೋ ತನಕ ಅಂಟಿಸು" ಎಂದರು. ಅಂಟಿಸಿದೆ.

ನನ್ನ ಸಿಟ್ಟನ್ನು ಹೆಚ್ಚಿಸಿದ ಸಂಗತಿ ಏನೆಂದರೆ ವ್ಯಾಪಾರ ಏರಿತು. ಇಷ್ಟು ವರ್ಷ ಬೆನ್ನು ಬಗ್ಗಿಸಿ ಹುರಿದು ಕುಟ್ಟಿದವಳು ನಾನು. ಹೊಗಳಿಕೆಯೆಲ್ಲ ಹುಟ್ಟದೇ ಇದ್ದ ಅಜ್ಜಿಗೆ. ಬೆಂಗಳೂರಿನಿಂದ ಒಬ್ಬ ಹೆಂಗಸು ಫೋನು ಮಾಡಿ, "ಅಜ್ಜಿ ಇದ್ದಾರಾ? ಒಂದ್ಸಲ ಮಾತಾಡ್ಬಹುದಾ?" ಎಂದು ಕೇಳಿದಳು. "ತೀರಿಕೊಂಡಿದ್ದಾರೆ" ಎಂದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ, ನಮ್ಮಜ್ಜಿ ಹೋಗಿ ನಲವತ್ತು ವರ್ಷದ ಮೇಲಾಯಿತು. ಆಕೆ ಗದ್ಗದಿತಳಾಗಿ ಸಂತಾಪ ಸೂಚಿಸಿ ಆರು ಪೊಟ್ಟಣ ಕಳಿಸಲು ಹೇಳಿದಳು.

ಅದರ ಮರುದಿನವೇ ಬೇಲೂರಿನಿಂದ ನನ್ನ ಸೋದರಮಾವನ ಫೋನು. ಮಾವ ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತರಾದವರು. ಬೀಗರನ್ನು ಬಸ್ತಿಹಳ್ಳಿಯ ಬಸದಿ ತೋರಿಸಲು ಕರೆದುಕೊಂಡು ಹೋದವರು ಪಕ್ಕದ ಹಳೇಬೀಡಿನ ಅಂಗಡಿಯಲ್ಲಿ ಪೊಟ್ಟಣ ನೋಡಿದ್ದಾರೆ, ಅದೂ ಬೀಗರ ಕೈಯಲ್ಲಿ.

"ಏನೇ ಸುಮಿತ್ರಾ, ಹೊಯ್ಸಳರಿಗೆ ಮೆಣಸಿನಕಾಯಿ ಎಲ್ಲಿತ್ತೇ? ಪೋರ್ಚುಗೀಸರು ಬಂದಿದ್ದು ಆಮೇಲೆ ಕಣೇ!"

"ಮಾವ, ಅದು ನಾನು ಬರೆದಿದ್ದಲ್ಲ..."

"ಮೆಣಸಿನಕಾಯಿ ಹಾಳಾಗಿಹೋಗ್ಲಿ. ಬೆಳ್ಳುಳ್ಳಿ? ನಮ್ಮಮ್ಮ ಬೆಳ್ಳುಳ್ಳಿ ಹೊಸಿಲು ದಾಟೋಕೆ ಬಿಟ್ಟವಳಲ್ಲ. ಅಂಥವಳ ಹೆಸರಲ್ಲಿ ಬೆಳ್ಳುಳ್ಳಿ ಚಟ್ನಿಪುಡಿ ಮಾರ್ತಿದ್ದೀಯಲ್ಲ, ನಿನಗೆ ಏನನ್ಸಲ್ವೇನೇ?"

ಅನ್ನಿಸಿತು. ನಮ್ಮಜ್ಜಿ ಮಡಿಸೀರೆಯಲ್ಲಿ ಬಂದು ಎದುರಿಗೆ ನಿಂತ ಹಾಗೇ ಆಯಿತು. ಫೋನು ಇಟ್ಟು, ಆ ಯಂತ್ರಕ್ಕೆ ಬಾಯಿಗೆ ಬಂದಂತೆ ಬಯ್ದೆ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಬೇಕು! ನಿನ್ನಜ್ಜಿ ಯಾರು, ಬೆಳ್ಳುಳ್ಳಿ ತಿನ್ನುತ್ತಿದ್ದಳಾ ಎಂದು ಒಂದು ಮಾತು ಕೇಳಬಾರದಿತ್ತೆ? "ನಾವೂ ಹೇಳಿರಲಿಲ್ವಲ್ಲ" ಎಂದರು ನಮ್ಮ ಮನೆಯವರು ಪತ್ರಿಕೆಯ ಹಿಂದಿನಿಂದ. ಅವರಿಗೂ ಎರಡು ಮಾತು ಸಿಕ್ಕವು.

ಹಾಗಾದರೆ ಈ ಪುಡಿಯನ್ನು ನನಗೆ ಕಲಿಸಿದ್ದು ಯಾರು? ಬಾಣಾವರದ ರುದ್ರಕ್ಕ. ಮದುವೆಯಾದ ಹೊಸದರಲ್ಲಿ ಅವರ ಮನೆಯ ಹಿಂಬದಿಯ ಎರಡು ಕೋಣೆಯಲ್ಲಿ ಬಾಡಿಗೆಗಿದ್ದೆವು. ಅವರದು ಕೊಬ್ಬರಿ ವ್ಯಾಪಾರದ ಮನೆ. ಬೆಳ್ಳುಳ್ಳಿಯ ಸಿಪ್ಪೆ ಬಿಡಿಸಲೂ ಬಾರದ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕೊಬ್ಬರಿಯನ್ನು ಎಷ್ಟು ಬೆಚ್ಚಗೆ ಮಾಡಬೇಕು, ಕುಟ್ಟುವಾಗ ಎಲ್ಲಿ ಕೈ ನಿಲ್ಲಿಸಬೇಕು ಎಂದು ಕಲಿಸಿದವರು. ಮಾವನ ಫೋನು ಬಂದ ವಾರಕ್ಕೆ ಅವರದೂ ಬಂತು.

"ಸುಮಿತ್ರಮ್ಮ, ನಿಮ್ಮಜ್ಜಿ ಚಟ್ನಿಪುಡಿ ನಮ್ಮನೇಗೂ ಬಂದೈತೆ ಕಣವ್ವ. ನಮ್ಮ ಸೊಸೆ ತಂದವ್ಳೆ. ವಸಿ ಬಂದೋಗು." ಅಷ್ಟೇ ಹೇಳಿ ಇಟ್ಟುಬಿಟ್ಟರು.

ಮಾವನ ಕೂಗಾಟಕ್ಕಿಂತ ಈ ನಾಲ್ಕು ಮಾತಿಗೆ ನನಗೆ ಭಯವಾಯಿತು. ಬೆಳಗಿನ ಪ್ಯಾಸೆಂಜರ್ ಹತ್ತಿ ಬಾಣಾವರಕ್ಕೆ ಹೋದೆ. ದಾರಿಯುದ್ದಕ್ಕೂ ಆ ಯಂತ್ರವನ್ನು ಶಪಿಸುತ್ತಲೇ ಇದ್ದೆ.

ರುದ್ರಕ್ಕ ಕಾಫಿ ಕೊಟ್ಟರು. ಪೊಟ್ಟಣ ಕಿಟಕಿಯ ಮೇಲೇ ಇತ್ತು, ಅಜ್ಜಿ ನಗುತ್ತಲೇ ಇದ್ದಳು. ನಾನು ಒಂದೇ ಉಸಿರಿಗೆ ಎಲ್ಲ ಹೇಳಿದೆ: ತರಬೇತಿ, ಕಥೆ, ಕೆಮ್ಮು, ಸಾವಿರ ಚೀಟಿ. "ಅದು ಸುಳ್ಳು ಸುಳ್ಳೇ ಬರೆದಿದೆ ರುದ್ರಕ್ಕ. ನಿಮ್ಮ ಹೆಸರು ಹಾಕಬೇಕಾದ ಕಡೆ..." ಎಂದು ಪೊಟ್ಟಣದ ಅಜ್ಜಿಯತ್ತ ಕೈ ತೋರಿಸಿದೆ.

"ಹೆಸ್ರು ತಗಂಡು ಏನ್ ಮಾಡಾನ ಬಿಡವ್ವ" ಎಂದರು. ಬೇಸರವಾಗಿತ್ತು, ಧ್ವನಿಯಲ್ಲೇ ಗೊತ್ತಾಗುತ್ತಿತ್ತು. ಆಮೇಲೆ ಪೊಟ್ಟಣ ಬಿಚ್ಚಿ ಒಂದು ಚಿಟಿಕೆ ಪುಡಿಯನ್ನು ಅಂಗೈಗೆ ಹಾಕಿಕೊಂಡು ಬೆರಳಲ್ಲಿ ಉಜ್ಜಿ ನನ್ನ ಮುಂದೆ ಹಿಡಿದರು. "ನಾನು ನಿನ್ನ ಕರೆಸಿದ್ದು ಇದಕ್ಕೆ. ಇದ್ರಾಗೆ ಕೊಬ್ಬರಿ ಎಲ್ಲೈತೆ?"

"ಇದೆಯಲ್ಲ ರುದ್ರಕ್ಕ."

"ಅರ್ಧಕ್ಕರ್ಧ ಹುರಿಗಡಲೆ ಐತೆ. ನಾನು ನಿಂಗೆ ಹಿಂಗಾ ಕಲ್ಸಿದ್ದು?"

ಓದುಗರೇ, ಈಗ ನಿಮಗೊಂದು ವಿಷಯ ಹೇಳಬೇಕು. ಕೊಬ್ಬರಿ ಧಾರಣೆ ಏರಿದಾಗ ಹುರಿಗಡಲೆ ಬೆರೆಸಿದವಳು ನಾನೇ. ಯಾರೂ ಹೇಳಿಕೊಟ್ಟದ್ದಲ್ಲ. ಮೊದಲು ಒಂದು ಹಿಡಿ, ಆಮೇಲೆ ಒಂದು ಪಾವು, ಹೀಗೆ. ನಮ್ಮ ಮನೆಯವರಿಗೂ ಗೊತ್ತಾಗಿರಲಿಲ್ಲ, ಅಜ್ಜಿಯ ಕೈರುಚಿಗೆ ಕಣ್ಣೀರು ಹಾಕಿದವರಿಗಂತೂ ಗೊತ್ತಾಗಲೇ ಇಲ್ಲ. ರುದ್ರಕ್ಕನ ಅಂಗೈ ನನ್ನ ಮುಂದೆ ಚಾಚಿಯೇ ಇತ್ತು. ನಿಜ ಹೇಳಬೇಕೆಂದೇ ಬಾಯಿ ತೆರೆದೆ. ಬಂದ ಮಾತು ಬೇರೆ.

"ಅದೂ ಆ ಯಂತ್ರವೇ ಹೇಳಿದ್ದು ರುದ್ರಕ್ಕ. ಖರ್ಚು ಉಳಿಯುತ್ತೆ, ಹೀಗೆ ಮಾಡು ಅಂತು."

ರುದ್ರಕ್ಕನ ಮುಖ ತಟ್ಟನೆ ಬದಲಾಯಿತು. "ಅದ್ರ ಮನೆ ಹಾಳಾಗ! ಬಾಯಿ ಐತಾ ಅದ್ಕೆ? ಕೊಬ್ಬರಿ ಕಚ್ಚಿ ನೋಡೈತಾ? ಅದ್ರ ಮಾತು ಕಟ್ಕಂಡು ಕೆಟ್ಯಲ್ಲ ಸುಮಿತ್ರಮ್ಮ!" ಎಂದು ನನ್ನ ಬೆನ್ನು ಸವರಿದರು. ನಾನು ಹತ್ತು ದಿನದಲ್ಲಿ ಹುಡುಕಿಯೂ ಸಿಗದಿದ್ದ ಬೈಗುಳಗಳನ್ನೆಲ್ಲ ಅದರ ಮೇಲೆ ಸುರಿದರು. ಹೊರಡುವಾಗ ನನ್ನ ಚೀಲದ ತುಂಬ ಕೊಬ್ಬರಿ ಗಿಟುಕು ತುಂಬಿ, "ಇನ್ಮ್ಯಾಕೆ ನನ್ನ ಕೇಳು, ಅದನ್ನ ಕೇಳಬ್ಯಾಡ" ಎಂದರು. ಅಷ್ಟು ಭಾರವಾದ ಚೀಲವನ್ನು ನಾನು ಈವರೆಗೆ ಹೊತ್ತಿಲ್ಲ.

ಮನೆಗೆ ಬಂದು ಉಳಿದ ಚೀಟಿಗಳನ್ನು ಒಲೆಗೆ ಹಾಕಿದೆ. ಈಗ ಪುಡಿಯಲ್ಲಿ ಹುರಿಗಡಲೆ ಇಲ್ಲ. "ಬಾಣಾವರದ ರುದ್ರಕ್ಕ ಕಲಿಸಿದ ಚಟ್ನಿಪುಡಿ" ಎಂದಷ್ಟೇ ಹೊಸ ಚೀಟಿಗೆ ಬರೆಯಲು ನಮ್ಮ ಮನೆಯವರು ಯಂತ್ರಕ್ಕೆ ಹೇಳಿದರು, ಹಳೆಯದೆಲ್ಲ ಸುಳ್ಳು ಎಂದೂ ತಿಳಿಸಿದರು. ಅದು ತಕ್ಷಣ, "ಕ್ಷಮಿಸಿ, ತಪ್ಪು ನನ್ನದು. ನಿಮ್ಮ ಅಜ್ಜಿಯ ಬಗ್ಗೆ ಕೇಳದೆ ಬರೆಯಬಾರದಿತ್ತು" ಎಂದಿತು. "ನೋಡೇ, ಎಷ್ಟು ಬೇಗ ಒಪ್ಕೊಳ್ತು!" ಎಂದು ಅವರು ಮೆಚ್ಚಿಕೊಂಡರು. ನನಗೆ ಮೈ ಉರಿಯಿತು. ಹೀಗೆ ಕಣ್ಣು ಮುಚ್ಚಿ ತೆರೆಯುವುದರೊಳಗೆ ತಪ್ಪೊಪ್ಪಿಕೊಂಡರೆ ಮನುಷ್ಯರಾದವರು ಬದುಕುವುದು ಹೇಗೆ?

ನಿನ್ನೆ ರುದ್ರಕ್ಕನ ಸೊಸೆ ಪೇಟೆಯಲ್ಲಿ ಸಿಕ್ಕಿದ್ದಳು. ಅವಳ ಗಂಡ ಕೊಬ್ಬರಿ ಮಂಡಿಯ ಪತ್ರವ್ಯವಹಾರಕ್ಕೆ ಇದೇ ಯಂತ್ರವನ್ನು ಬಳಸಬೇಕೆಂದು ಆಸೆಪಟ್ಟಿದ್ದನಂತೆ. "ನಮ್ಮತ್ತೆ ಸುತರಾಂ ಬ್ಯಾಡ ಅಂದವ್ರೆ. ಸುಮಿತ್ರಮ್ಮನ್ನ ಕೆಡಿಸಿದ ಮಿಷನ್ನು ಅಂತ ಬೀದಿಗೆಲ್ಲ ಹೇಳ್ಕಂಡು ಬಂದವ್ರೆ" ಎಂದಳು. ಹೋಗಿ ರುದ್ರಕ್ಕನಿಗೆ ನಿಜ ಹೇಳಿಬಿಡಬೇಕು. ಖಂಡಿತ ಹೇಳುತ್ತೇನೆ. ಆದರೆ ಎಲ್ಲಿಂದ ಶುರು ಮಾಡಬೇಕು, ಯಾವ ಮಾತಿನಲ್ಲಿ ಹೇಳಿದರೆ ಅವರಿಗೆ ಹೆಚ್ಚು ನೋವಾಗುವುದಿಲ್ಲ ಎನ್ನುವುದು ತೋಚುತ್ತಿಲ್ಲ. "ಆ ಯಂತ್ರ ಇಂಥ ಪತ್ರ ಚೆನ್ನಾಗಿ ಬರೆದುಕೊಡುತ್ತೆ, ಕೇಳು" ಎನ್ನುತ್ತಾರೆ ನಮ್ಮ ಮನೆಯವರು. ಕೇಳಬಹುದು. ಆದರೆ ಯಾವ ಮುಖ ಇಟ್ಟುಕೊಂಡು ಕೇಳಲಿ?