ಕೋಳಿಗೆ ಸೋತ ಭಾವ

ನಮ್ಮ ಭಾವ ಇಪ್ಪತ್ತೊಂದು ದಿನದಂತೆ ಎರಡು ಸಲ ಒಂದು ಕೋಳಿಯ ಜೊತೆ ಪಂದ್ಯ ಕಟ್ಟಿ ಸೋತವರು! ಗೆದ್ದದ್ದು ಕಾದಾಡುವ ಹುಂಜವೂ ಅಲ್ಲ. ನಮ್ಮ ಹಿತ್ತಲ ಬೂದಿಯಲ್ಲಿ ಹೊರಳುತ್ತಿದ್ದ ಒಂದು ಕಪ್ಪು ಹೇಂಟೆ. ಅರವತ್ತರ ದಶಕದಲ್ಲಿ ತಮಿಳು ಸೀಮೆಯ ನಮ್ಮೂರು ಕಾಮಯಗೌಂಡನ್‌ಪಟ್ಟಿಯಲ್ಲಿದ್ದವರನ್ನು ಯಾರನ್ನು ಬೇಕಾದರೂ ಕೇಳಿ ನೋಡಿ.

ಭಾವ ಎಂದರೆ ನನ್ನ ಗಂಡನ ಅಣ್ಣ. ಅವರ ಕಾಯಿಲೆ ಇಷ್ಟೇ: ಯಾವ ಕೆಲಸವನ್ನೂ ಒಂದೇ ರೀತಿಯಲ್ಲಿ ಮಾಡಲು ಅವರಿಗೆ ಬರುತ್ತಿರಲಿಲ್ಲ. ಎರಡು ರೀತಿಯಲ್ಲಿ ಮಾಡಿ, ಯಾವುದು ಮೇಲು ಎಂದು ಹೋಲಿಸಬೇಕು. ದ್ರಾಕ್ಷಿ ಬಳ್ಳಿಯನ್ನು ಅರ್ಧ ಸಾಲು ಗಿಡ್ಡ ಕತ್ತರಿಸಿ ಅರ್ಧ ಸಾಲು ಉದ್ದ ಬಿಡುವುದು ಹೋಗಲಿ, ಅದು ಬೇಸಾಯಗಾರರ ಹುಚ್ಚು. ಒಂದೇ ಕಾಲಿಗೆ ಚಪ್ಪಲಿ ಮೆಟ್ಟಿ ಉತ್ತಮಪಾಳಯಂವರೆಗೆ ನಡೆಯುವವರನ್ನು ಏನೆನ್ನಬೇಕು? "ಯಾವ ಕಾಲು ಮೊದ್ಲು ನೋಯುತ್ತೆ ಅಂತ ನೋಡ್ದೆ" ಎಂದು ಕುಂಟುತ್ತ ಬಂದರು. ಯಾವುದು ನೋಯಿತು ಎಂದು ಕೇಳಿದರೆ, "ಸೊಂಟ" ಎಂದರು.

ಕೋಳಿ ಕಾವಿಗೆ ಕೂತಾಗ ಅದರ ಅಡಿಯಲ್ಲಿ ಮೊಟ್ಟೆ ಇಡುವುದು ನಮ್ಮ ಮನೆಯಲ್ಲಿ ಹೆತ್ತವಳ ಕೈಯ ಕೆಲಸ. ಮದುವೆಯಾಗಿ ವರ್ಷ ತುಂಬುವುದರೊಳಗೆ ನಾನು ಮಗನನ್ನು ಹೆತ್ತಿದ್ದೆ, ಹಾಗಾಗಿ ಮೊಟ್ಟೆಯ ಅಧಿಕಾರ ನನ್ನ ಪಾಲಿಗೆ ಬಂದಿತ್ತು. ಭಾವನ ಹೆಂಡತಿಗೆ, ಅವಳನ್ನು ನಾನು ಅಕ್ಕ ಎನ್ನುತ್ತಿದ್ದೆ, ಒಂಬತ್ತು ವರ್ಷವಾದರೂ ಮಕ್ಕಳಾಗಿರಲಿಲ್ಲ. ದಿಂಡಿಗಲ್ಲಿನ ಡಾಕ್ಟರು ಇಬ್ಬರನ್ನೂ ನೋಡಿ, ಏನೂ ಕೊರತೆಯಿಲ್ಲ ಎಂದು ಕಳಿಸಿದ್ದರು. ಆದರೂ ಮೊಟ್ಟೆ ಇಡುವ ದಿನ ಅತ್ತೆ ಅವಳ ಕೈಗೆ ಕುಡುಗೋಲು ಕೊಟ್ಟು ತೋಟಕ್ಕೆ ಕಳಿಸುತ್ತಿದ್ದರು. ಅವಳ ಕೈ ತಾಕಿದರೆ ಮೊಟ್ಟೆ ಕೆಡುತ್ತದಂತೆ. ನಾನು ಬುಟ್ಟಿಯ ಮುಂದೆ ಮಹಾರಾಣಿಯ ಹಾಗೆ ಕೂರುತ್ತಿದ್ದೆ.

ಒಂದು ಸಲ ಅಂಥದೇ ದಿನ ಭಾವ ದ್ರಾಕ್ಷಿ ತುಂಬುವ ಮರದ ಪೆಟ್ಟಿಗೆಯೊಂದನ್ನು ಅಂಗಳಕ್ಕೆ ತಂದರು. ಒಳಗೆ ಬೋಡಿ ಊರಿನಿಂದ ತಂದ ಬೂರುಗದ ಹತ್ತಿ, ಕೆಳಗೆ ಸೀಮೆಎಣ್ಣೆ ದೀಪ.

"ಕೋಳಿಗೆ ಹದಿಮೂರು ಮುಟ್ಟೆ, ಪೆಟ್ಟಿಗೆಗೆ ಹದಿಮೂರು. ಯಾವ್ದು ಚೆನ್ನಾಗಿ ಮರಿ ಮಾಡ್ತೈತೆ ನೋಡಿ ಬುಡಾನ" ಎಂದರು.

"ಅಡ ಪಾವಿ, ಕೋಳಿ ವೇಲೆನ ನೀ ಯಾಕ್ ಮಾಡ್ತೀಯೆ?" ಕೋಳಿಯ ಕೆಲಸ ನಿನಗೇಕೆಂದು ಅತ್ತೆ ತಮಿಳು ಬೆರೆಸಿ ಬೈದರು. "ಪೆಟ್ಟಿಗೇಲಿ ಮುಟ್ಟೆ ಮಡಗೋರು ಯಾರು?"

"ನನ್ ಹೆಂಡ್ತಿ. ಪೆಟ್ಟಿಗೆ ಏನು ಕೋಳಿಯಾ, ನಿನ್ ಸಾಸ್ತ್ರ ಕೇಳಕ್ಕೆ?"

ಅತ್ತೆ ಕುಡುಗೋಲನ್ನು ಗೋಡೆಗೆ ಒರಗಿಸಿದರು, ಅಕ್ಕ ಪೆಟ್ಟಿಗೆಯಲ್ಲಿ ಮೊಟ್ಟೆ ಇಟ್ಟಳು. ಪೆಟ್ಟಿಗೆಯ ವಿಷಯದಲ್ಲಿ ಹಿರಿಯರು ಏನೂ ಹೇಳಿಟ್ಟಿರಲಿಲ್ಲ.

ಕೋಳಿಯ ಕಾವು ಎಷ್ಟೆಂದು ಅಳೆಯಲು ಭಾವ ದಿಂಡಿಗಲ್ಲಿಗೆ ಹೋಗಿ, ಜ್ವರ ನೋಡುವ ಥರ್ಮಾಮೀಟರ್ ತಂದರು. ಹೇಂಟೆಯ ರೆಕ್ಕೆಯಡಿ ತೂರಿಸಿದರು. ಹೇಂಟೆ ಅವರ ಮೂಗನ್ನು ಕುಕ್ಕಿತು. "ನೂರ ಆರು ಐತೆ. ನಾವಾಗಿದ್ರೆ ಸತ್ತೋಗಿರ್ತಿದ್ದೊ" ಎಂದು ಮೂಗಿಗೆ ಅರಿಸಿನ ಮೆತ್ತಿಕೊಂಡೇ ಹೇಂಟೆಗೆ ಕೈಮುಗಿದರು. ಅದೇ ಥರ್ಮಾಮೀಟರನ್ನು ಒರೆಸಿ ಪೆಟ್ಟಿಗೆಯಲ್ಲಿಟ್ಟರು. ಅಲ್ಲಿಯೂ ನೂರ ಆರು! ಮರುದಿನವೂ ನೂರ ಆರು. ಗಾಳಿಗೆ ದೀಪ ಆರಿಹೋದ ದಿನವೂ ನೂರ ಆರೇ. "ನೋಡ್ದ್ರಾ, ದೀಪ ಇಲ್ದಿದ್ರೂ ಕಾವು ಹಿಡ್ಕೊಂಡೈತೆ" ಎಂದು ಬೀಗಿದರು. ಇಪ್ಪತ್ತೊಂದನೆಯ ದಿನ ಹೇಂಟೆ ಒಂಬತ್ತು ಮರಿಗಳೊಂದಿಗೆ ಹೊರಗೆ ಬಂತು. ಪೆಟ್ಟಿಗೆಯ ಮುಚ್ಚಳ ತೆಗೆದಾಗ ಬೀದಿಯವರೆಲ್ಲ ಮೂಗು ಮುಚ್ಚಿಕೊಂಡರು.

ನನಗೆ ನಗು ತಡೆಯಲಾಗಲಿಲ್ಲ. "ಭಾವ, ಅದನ್ನ ಪ್ರತಿ ಸಲಾನೂ ಒದರಿ ಪಾದರಸ ಇಳಿಸ್ಬೇಕು. ಮಗೀಗೆ ಜ್ವರ ಬಂದಿರೋ ಮನೇಲಿ ಯಾರಿಗಾದ್ರೂ ಗೊತ್ತಿರುತ್ತೆ" ಎಂದುಬಿಟ್ಟೆ.

ಎಲ್ಲರೂ ನಕ್ಕರು, ಭಾವ ಕೂಡ. ಅಕ್ಕ ಮಾತ್ರ ಪೆಟ್ಟಿಗೆಯನ್ನೆತ್ತಿಕೊಂಡು ತೊಳೆಯಲು ಹೋದಳು. ಮೊಟ್ಟೆ ಕೆಟ್ಟದ್ದು ಪಾದರಸದ ದೆಸೆಯಿಂದ; ಊರಿನ ಬಾಯಿಗೆ ಸಿಕ್ಕಿದ್ದು ಅವಳ ಕೈ. "ನಾ ಅವತ್ತೇ ಅಂದಿಲ್ವಾ" ಎಂದು ಅತ್ತೆ ಅಕ್ಕಪಕ್ಕದವರಿಗೆ ಹೇಳುತ್ತಿದ್ದದ್ದು ನನಗೂ ಕೇಳಿಸಿತು, ಅಕ್ಕನಿಗೂ.

ಇಷ್ಟಾದ ಮೇಲೆ ಮಾನವಿದ್ದವರು ಸುಮ್ಮನಾಗುತ್ತಾರೆ. ಭಾವ ಆಗಲಿಲ್ಲ. ಹೇಂಟೆ ಮತ್ತೆ ಕಾವಿಗೆ ಕೂತ ದಿನವೇ ಪೆಟ್ಟಿಗೆಯೂ ಹೊರಗೆ ಬಂತು. ಈ ಸಲ ಪಾದರಸ ಇಳಿಸುವ ಭರದಲ್ಲಿ ಒಂದು ಥರ್ಮಾಮೀಟರನ್ನು ಬೇವಿನ ಮರಕ್ಕೆ ಬಡಿದು ಒಡೆದರು, ಇನ್ನೊಂದು ತಂದರು. ಅಕ್ಕ ಪ್ರತಿ ಮೊಟ್ಟೆಗೂ ಇದ್ದಿಲಿನಲ್ಲಿ ಗುರುತು ಹಾಕಿ, ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಹೊರಳಿಸಿಟ್ಟಳು. ಭಾವ ತೋಟಕ್ಕೆ ಹೋಗುವುದನ್ನೇ ಬಿಟ್ಟರು. ಬಸ್ಸಿನ ಕಂಡಕ್ಟರ್ ಕೂಡ ತಲೆ ಹೊರಹಾಕಿ, "ಅಣ್ಣೇ, ಎಷ್ಟನೇ ತಿಂಗಳು?" ಎಂದು ತಮಿಳಿನಲ್ಲಿ ಕೂಗುತ್ತಿದ್ದ. "ಹದಿನಾಲ್ಕನೇ ದಿವಸ" ಎಂದು ಭಾವ ಗಂಭೀರವಾಗಿ ಉತ್ತರಿಸುತ್ತಿದ್ದರು.

ಇಪ್ಪತ್ತೊಂದನೆಯ ದಿನ ಬೆಳಿಗ್ಗೆಯೇ ಹೇಂಟೆಯ ಹನ್ನೊಂದು ಮರಿಗಳು ಎದ್ದವು. ಪೆಟ್ಟಿಗೆ ಸದ್ದಿಲ್ಲದೆ ಕೂತಿತ್ತು. ಅಕ್ಕ ಊಟ ಮಾಡಲಿಲ್ಲ. ಮಧ್ಯಾಹ್ನದ ಮೇಲೆ ಒಂದು ಮೊಟ್ಟೆ ಬಿರುಕು ಬಿಟ್ಟಿತು, ಆಮೇಲೆ ಇನ್ನೊಂದು. ಸಂಜೆಯ ಹೊತ್ತಿಗೆ ನಾಲ್ಕು. ಅಷ್ಟೇ, ಉಳಿದವು ಏಳಲಿಲ್ಲ.

"ಹನ್ನೊಂದಕ್ಕೆ ನಾಕು. ಸೋತ್ರಿ ಭಾವ" ಎಂದೆ.

"ಸೋತೆ" ಎಂದು ಎದ್ದವರೇ ಬೀದಿಗಿಳಿದರು. ಮನೆಮನೆಯ ಮುಂದೆ ನಿಂತು, "ಸೋತುಬುಟ್ಟೆ ಕಣಪ್ಪ. ನನ್ ಹೆಂಡ್ತಿ ಮಡಗಿದ್ ಮುಟ್ಟೇಲಿ ನಾಕೇ ಎದ್ದಿದ್ದು, ಬಂದು ನೋಡ್ರಿ" ಎಂದು ಸಾರಿದರು. ಸೋಲನ್ನು ಅಷ್ಟು ಸಂತೋಷದಿಂದ ಹಂಚಿದವರನ್ನು ನಾನು ಕಂಡಿಲ್ಲ. ಮನೆಗೆ ಬಂದು, ಪೆಟ್ಟಿಗೆ ಒಡೆದು ಒಲೆಗೆ ಹಾಕಿದರು.

"ಇನ್ನೊಂದ್ಸಲ ನೋಡಲ್ವಾ?" ಎಂದು ಕೇಳಿದೆ.

"ನೋಡ್ಬೇಕಾಗಿದ್ದು ನೋಡಾಯ್ತು" ಎಂದರು.

ಆಗ ನನ್ನ ದಡ್ಡ ತಲೆಗೆ ಹೊಳೆಯಿತು. ಪಂದ್ಯ ಕೋಳಿಗೂ ಪೆಟ್ಟಿಗೆಗೂ ಅಲ್ಲ. ನನ್ನ ಕೈಗೂ ಅಕ್ಕನ ಕೈಗೂ. ಅವರಿಗೆ ಗೆಲುವು ಬೇಕಿರಲಿಲ್ಲ, ಒಂದೇ ಒಂದು ಮರಿ ಎದ್ದಿದ್ದರೂ ಸಾಕಾಗಿತ್ತು. ಮಗುವಿನ ಜ್ವರದ ಮಾತಾಡಿದ ನಾಲಿಗೆಯನ್ನು ಕಚ್ಚಿಕೊಂಡೆ. ಬಹಳ ನಾಚಿಕೆಯಾಯಿತು.

ಮುಂದಿನ ಸಲ ಹೇಂಟೆ ಕಾವಿಗೆ ಕೂತಾಗ ಅತ್ತೆ ಎಂದಿನಂತೆ ಕುಡುಗೋಲು ತಂದರು. ನಾನು ಅದನ್ನು ತೆಗೆದುಕೊಂಡು, ಮೊಟ್ಟೆಯ ಬುಟ್ಟಿಯನ್ನು ಅಕ್ಕನ ಮುಂದಿಟ್ಟೆ. ಅಕ್ಕ ಅತ್ತೆಯ ಮುಖ ನೋಡಿದಳು. ಅತ್ತೆ ಅಂಗಳದಲ್ಲಿ ಕೆದಕುತ್ತಿದ್ದ ಪೆಟ್ಟಿಗೆಯ ನಾಲ್ಕು ಮರಿಗಳನ್ನು ನೋಡಿದರು.

"ಹದಿಮೂರು ಮಡಗು ಕಣ್ಣು. ಮೆಲ್ಲುಗೆ" ಎಂದು, ಮಕ್ಕಳನ್ನು ಮುದ್ದಿಸುವ ಮಾತಿನಲ್ಲಿ ಅಕ್ಕನಿಗೆ ಹೇಳಿದರು.

ಕುಡುಗೋಲು ಹಿಡಿದು ತೋಟಕ್ಕೆ ನಾನು ಹೋದೆ.