ನಮ್ಮ ಮನೆಯ ಪಾನನಿಷೇಧ

“ನಾನು ಹೋದ್ಮೇಲೆ ಕುಡೀಬೇಡಿ ರೀ. ಬೈಯೋರಿಲ್ದೆ ನಿಮಗೆ ರುಚಿನೂ ಹತ್ತಲ್ಲ.”

ನನ್ನ ಹೆಂಡತಿ ಕೊನೆಗೆ ಆಡಿದ ಮಾತು ಇದು. ಹೂಂ ಅಂದೆ. ಎರಡು ವರ್ಷ ಆಯಿತು. ಮಾತು ಉಳಿಸಿಕೊಂಡಿಲ್ಲ. ಅವಳು ಹೇಳಿದ್ದು ನಿಜ, ರುಚಿ ಹತ್ತಲಿಲ್ಲ. ಆದರೂ ಕುಡಿದೆ.

ಅಮೆರಿಕದ ಜರ್ಮನ್‌ಟೌನಿನಲ್ಲಿ ಮಗಳ ಮನೆಯಲ್ಲಿದ್ದೇನೆ. ಕನ್ನಡದವರ ಮನೆಗಳಿಗೆ ಹೋಗಿ ಅಡುಗೆ ಮಾಡುತ್ತೇನೆ. ಕುಡಿತ ಬಿಡಬೇಕು ಅಂತ ಹೊರಟವನಿಗೆ ನಗೆಪಾಟಲಿನ ಸಂಗತಿ ಒಂದಲ್ಲ ಒಂದು ಎದುರಾಗುತ್ತಲೇ ಇರುತ್ತದೆ. ಕೆಲವು ಬರೆದಿದ್ದೇನೆ.

ಕಾರಣ

ಮೊಮ್ಮಗಳು ಎಂಟನೇ ಕ್ಲಾಸು. ನೂರು ವರ್ಷದ ಹಿಂದೆ ಅಮೆರಿಕದ ತುಂಬ ಹೆಂಡ ನಿಲ್ಲಿಸಿದ್ದರಂತೆ. ಹದಿಮೂರು ವರ್ಷ. ಅದರ ಮೇಲೆ ಅವಳಿಗೆ ಹೋಮ್‌ವರ್ಕ್.

“ತಾತ, ಯಾಕೆ ಬ್ಯಾನ್ ಮಾಡಿದ್ರು? ಗೆಸ್ ಮಾಡು.”

“ಇನ್ನೇನು, ಹೆಂಡ್ತೀರು ಪಟ್ಟು ಹಿಡಿದಿರ್ತಾರೆ.”

ಹಾಗೇ ಬರೆದಳು. ಟೀಚರ್ ಸರಿ ಅಂತ ಗುರುತು ಹಾಕಿದರು. ಸಂಬಳ ಕುಡಿದು ಬರುವ ಗಂಡಂದಿರನ್ನು ನೋಡಿ ನೋಡಿ ಹೆಂಗಸರೇ ಎದ್ದು ನಿಂತಿದ್ದರಂತೆ.

ನಾನು ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಅಮೆರಿಕದಲ್ಲಿ ಎಂಟನೇ ಕ್ಲಾಸು ಪಾಸಾದೆ.

ಖಾಲಿ ಮಾಡುವುದು

ಕಾನೂನು ಬರುವ ಮುಂಚೆ ಜನ ಬಾಟಲಿ ಕೊಂಡು ಮನೆ ತುಂಬಿಸಿಕೊಂಡರಂತೆ. ನಮ್ಮವರದು ಉಲ್ಟಾ. ಶ್ರಾವಣದಲ್ಲಿ ಮುಟ್ಟುವುದಿಲ್ಲ. ಮನೆಯಲ್ಲಿದ್ದರೆ ಆಸೆ. ಅದಕ್ಕೆ ಹಿಂದಿನ ದಿನವೇ ಖಾಲಿ. ಹಿಂದಿನ ದಿನ ಭೀಮನ ಅಮಾವಾಸ್ಯೆ. ಹೆಂಡತಿ ಗಂಡನ ಪಾದಪೂಜೆ ಮಾಡುವ ದಿನ.

ಪಕ್ಕದ ಊರು ರಾಕ್‌ವಿಲ್ಲಿನ ಒಂದು ಮನೆಗೆ ಹಬ್ಬದಡುಗೆಗೆ ಹೋಗಿದ್ದೆ. ಹೆಂಡತಿ ಆಫೀಸಿನಿಂದ ಬಂದ ಮೇಲೆ ಪೂಜೆ. ಗಂಡ ವರ್ಕ್ ಫ್ರಮ್ ಹೋಮ್. ಮಧ್ಯಾಹ್ನದಿಂದ ಬೇಸ್‌ಮೆಂಟಿನಲ್ಲಿ.

“ಅಂಕಲ್, ನಾಳೆಯಿಂದ ಒಂದ್ ತಿಂಗಳು ಬ್ಯಾನ್. ಸ್ವಲ್ಪ ಹೆಲ್ಪ್ ಮಾಡಿ.”

ಮಾಡಿದೆ. ಪಾಯಸಕ್ಕೆ ಉಪ್ಪು ಬಿದ್ದದ್ದು ಹಾಗೆ.

ಸಂಜೆ ಆಕೆ ರೇಷ್ಮೆ ಸೀರೆ ಉಟ್ಟು, ಅರಿಶಿನ ಕುಂಕುಮದ ತಟ್ಟೆ ಹಿಡಿದು ಬಂದರು. ಗಂಡನಿಗೆ ನಿಲ್ಲಲಾಗಲಿಲ್ಲ. ಸೋಫಾದ ಮೇಲೆ ಚಾಚಿದ್ದ ಕಾಲಿಗೇ ನೀರು ಹಾಕಿದರು. ಕೈ ಮುಗಿದರು.

“ದೇವರೇ, ಇವರಿಗೆ ಆಯಸ್ಸು ಕೊಡಪ್ಪ. ನಾಳೆ ಬೆಳಗ್ಗೆ ಇವರ ಹತ್ರ ಮಾತಾಡೋದಿದೆ.”

ಚೀಟಿ

ಆ ಬ್ಯಾನಿನ ಕಾಲದಲ್ಲಿ ಡಾಕ್ಟರು ಚೀಟಿ ಬರೆದರೆ ಔಷಧಿ ಅಂಗಡಿಯಲ್ಲಿ ವಿಸ್ಕಿ ಸಿಗುತ್ತಿತ್ತಂತೆ.

“ಕೊನೆಗೆ ಏನಾಯ್ತಮ್ಮ?”

“ಬ್ಯಾನ್ ವರ್ಕ್ ಆಗಿಲ್ಲ ತಾತ. ತೆಗೆದ್ರು.”

“ಮತ್ತೆ ಯಾವುದು ವರ್ಕ್ ಆಗತ್ತೆ?”

“ಅದು ಹೋಮ್‌ವರ್ಕಲ್ಲಿ ಇಲ್ಲ.”

ನಮ್ಮ ಕಡೆಯ ಹಿರಿಯ ಡಾಕ್ಟರೊಬ್ಬರಿದ್ದಾರೆ. ಐವತ್ತು ವರ್ಷದಿಂದ ಇಲ್ಲೇ. ಯಾವ ಪಾರ್ಟಿಯಲ್ಲೂ ಮಜ್ಜಿಗೆ ಬಿಟ್ಟು ಬೇರೆ ಮುಟ್ಟದವರು. ಒಂದು ದಿನ ಅವರ ಮನೆ ಅಡುಗೆ ಮುಗಿಸಿ ಕೇಳಿದೆ.

“ಡಾಕ್ಟ್ರೇ, ನಂಗೂ ಒಂದು ವಿಸ್ಕಿ ಚೀಟಿ ಬರ್ಕೊಡಿ.”

ನಗಲಿಲ್ಲ. ಬರೆದು ಮಡಿಚಿ ಕೊಟ್ಟರು. ಕನ್ನಡದಲ್ಲೇ ಇತ್ತು. ‘ನಾಳೆ ಬೆಳಗ್ಗೆ ಏಳಕ್ಕೆ ರೆಡಿಯಾಗಿರಿ. ಕುಡಿತ ಬಿಡುವವರ ಮೀಟಿಂಗಿದೆ. ನಾನು ಮೂವತ್ತು ವರ್ಷದಿಂದ ಹೋಗ್ತಿದೀನಿ.’

“ನೀವಾ!”

“ಮತ್ತೆ? ನಾನು ಪಾರ್ಟೀಲಿ ಮಜ್ಜಿಗೆ ಕುಡಿಯೋದು ರುಚಿಗೆ ಅಂದ್ಕೊಂಡ್ರಾ?”

ಬೆಳಗ್ಗೆ

ಹೋದೆ. ಚರ್ಚಿನ ಬೇಸ್‌ಮೆಂಟು. ಹದಿನೈದು ಜನ ಸುತ್ತ ಕೂತಿದ್ದರು. ಒಬ್ಬೊಬ್ಬರೇ ತಮ್ಮ ಕಥೆ ಹೇಳಿದರು. ನನ್ನ ಸರದಿ ಬಂತು. ಇಂಗ್ಲಿಷ್ ಬಾರದು. ಕನ್ನಡದಲ್ಲಿ ಹೇಳಿದೆ.

“ಹೆಂಡತಿ ಬಿಡಿ ಅಂದ್ಲು. ಬಿಟ್ಟಿಲ್ಲ. ಬಿಡಬೇಕು.”

ಡಾಕ್ಟರು ಇಂಗ್ಲಿಷಿಗೆ ತಿರುಗಿಸಿದರು. ಹತ್ತು ನಿಮಿಷ. ಜನ ಕಣ್ಣೊರೆಸಿಕೊಂಡರು. ಒಬ್ಬ ಬಂದು ನನ್ನ ತಬ್ಬಿಕೊಂಡ.

“ಅಷ್ಟೊಂದು ಏನ್ ಹೇಳಿದ್ರಿ?”

“ನಿಮ್ಮದು ಬೇಗ ಮುಗೀತು. ನಂದೂ ಸೇರಿಸ್ಬಿಟ್ಟೆ. ಈಗ ಇವರ ಪಾಲಿಗೆ ನೀವು ಎರಡು ಕಾರು ಗುದ್ದಿದೀರಿ.”

“ನಂಗೆ ಡ್ರೈವಿಂಗೇ ಬರಲ್ವಲ್ಲ ಡಾಕ್ಟ್ರೇ!”

“ಅದಕ್ಕೇ ಅವರು ನಂಬಿದ್ದು.”

ಆಮೇಲೆ ಕಾಫಿ ಕೊಟ್ಟರು. ಒಂದು ಗುಟುಕು ಕುಡಿದೆ. ಕಲಗಚ್ಚು. ಲೋಟ ಕೆಳಗಿಟ್ಟೆ.

“ಡಾಕ್ಟ್ರೇ, ಇವರಿಗೊಂದು ಮಾತು ಹೇಳಿ. ನಿಮ್ಮದೇನೂ ಸೇರಿಸ್ಬೇಡಿ. ನಾಳೆಯಿಂದ ದಿನಾ ಬರ್ತೀನಿ. ಕಾಫಿ ನಾನು ಮಾಡ್ತೀನಿ.”