ತಂಗಿಯ ಬದುಕಿಗೆ ನಾನು ಕೊಟ್ಟ ಅಂಕ

ಯಾರಾದರೂ 'ಹೇಗಿದ್ದೀರಿ?' ಎಂದರೆ, ಕಾಲು ಮುರಿದು ಮಲಗಿದ್ದರೂ 'ಚೆನ್ನಾಗಿದ್ದೀವಿ' ಎನ್ನುವುದು ಮಾನವಂತರ ಮನೆಯ ರೋಗ. ಅದು ನನಗೂ ಇದೆ. ಅದರಿಂದ ನನ್ನ ತಂಗಿಗೆ ಆದ ಅನ್ಯಾಯವನ್ನು ಎಲ್ಲಾದರೂ ಹೇಳಿಕೊಳ್ಳದೆ ನನಗೆ ನೆಮ್ಮದಿಯಿಲ್ಲ.

ನಾನು ಎಸ್ಸೆಸ್ಸೆಲ್ಸಿ ಫೇಲು, ಬ್ರಿಸ್ಬೇನಿನ ಒಂದು ಹೋಟೆಲಿನಲ್ಲಿ ಅಡುಗೆಯವನು. ತಂಗಿ ವಿದ್ಯಾ ಓದಲು ಬಂದು ಅಲ್ಲೇ ರನ್‌ಕಾರ್ನ್ ಬಡಾವಣೆಯಲ್ಲಿ ನನ್ನ ಜೊತೆಗಿದ್ದಾಳೆ. ಹತ್ತೊಂಬತ್ತು ವರ್ಷ. ಅವಳಿಗೆ ಗೀಳಿನ ಕಾಯಿಲೆ. ಡಾಕ್ಟರು ಓಸಿಡಿ ಎನ್ನುತ್ತಾರೆ. ಕೈ ತೊಳೆದೂ ತೊಳೆದೂ ಬೆರಳ ಸಂದಿ ಒಡೆದಿದೆ. ಒಲೆ ಆರಿಸಿದೆನೋ ಇಲ್ಲವೋ ಎಂದು ಬಸ್ ಸ್ಟಾಪಿನಿಂದ ನಾಲ್ಕು ಸಲ ಹಿಂದಕ್ಕೆ ಬರುತ್ತಾಳೆ. ಅಷ್ಟರಲ್ಲಿ ಕ್ಲಾಸೇ ಮುಗಿದಿರುತ್ತದೆ. ಪಕ್ಕದ ಮನೆಯ ಆಂಟಿ ಮಾತ್ರ, "ಎಷ್ಟು ಶುಚಿ ನೋಡಪ್ಪ! ಹೋದ ಮನೇಲಿ ಒಳ್ಳೆ ಹೆಸರು ತಗೋತಾಳೆ" ಎನ್ನುತ್ತಾರೆ.

ಕ್ಲಿನಿಕ್ಕಿನಲ್ಲಿ ಒಂದು ಫಾರಂ ಕೊಟ್ಟರು. ಅವಳ ಬದುಕು ಹೇಗಿದೆ ಎಂದು ಅಳೆಯುವುದಕ್ಕಂತೆ. ನಿದ್ದೆಗೆ ಐದಕ್ಕೆ ಎಷ್ಟು, ಸ್ನೇಹಿತರಿಗೆ ಎಷ್ಟು, ನೆಮ್ಮದಿಗೆ ಎಷ್ಟು. ಅಂಕೆಯ ಸುತ್ತ ಹಾಕಿದ ಸುತ್ತು ದುಂಡಗಿಲ್ಲವೆಂದು ವಿದ್ಯಾ ಅಳಿಸಿ ಅಳಿಸಿ ಮೊದಲನೇ ಪ್ರಶ್ನೆಯಲ್ಲೇ ಕಾಗದ ತೂತಾಯಿತು. "ಅಣ್ಣ, ನಾನು ಹೇಳ್ತೀನಿ, ನೀನು ಹಾಕು" ಎಂದಳು. "ಹೇಳೋದೇನು, ನಂಗೆ ಗೊತ್ತಿಲ್ವಾ?" ಎಂದು ಹೊಸ ಫಾರಂ ಇಸಿದುಕೊಂಡು ಎಲ್ಲದಕ್ಕೂ ಐದು ಹಾಕಿದೆ. ಪರದೇಶದಲ್ಲಿ ಮನೆ ಹುಡುಗಿಗೆ ಒಂದು, ಎರಡು ಅಂತ ಅಂಕ ಕೊಡುವುದೇ?

ನರ್ಸಮ್ಮನಿಗೆ ಬಹಳ ಸಂತೋಷವಾಯಿತು. ಇಷ್ಟು ಚೆನ್ನಾಗಿರುವವಳು ವಾರ ವಾರ ಬರಬೇಕಿಲ್ಲ, ಮೂರು ತಿಂಗಳು ಬಿಟ್ಟು ಬರಲಿ ಎಂದಳು. ಮನೆಗೆ ರ್‍ಯಾಂಕ್ ತಂದವನಂತೆ ನಾನು ಕಾರು ಹತ್ತಿದೆ.

"ಯಾರ ಬಗ್ಗೆ ಬರೆದೆ ಅಣ್ಣ?" ಎಂದಳು ವಿದ್ಯಾ.

"ನಿನ್ನ ಬಗ್ಗೆನೇ ಕಣೆ."

"ನಾನು ಅಷ್ಟು ಚೆನ್ನಾಗಿದ್ದಿದ್ರೆ ಇಲ್ಲಿಗೆ ಯಾಕೋ ಬರ್ತಿದ್ದೆ?" ಎಂದು ಒಡೆದ ಕೈಗಳನ್ನು ದುಪಟ್ಟಾದೊಳಗೆ ಇಟ್ಟುಕೊಂಡಳು.

ಮಾರನೆಯ ದಿನ ಹೋಗಿ, ಬರೆದದ್ದೆಲ್ಲ ಸುಳ್ಳೆಂದು ಒಪ್ಪಿಕೊಂಡು ಇನ್ನೊಂದು ಫಾರಂ ತಂದೆ. ಈ ಸಲ ಅವಳು ಹೇಳಿದಳು, ನಾನು ಬರೆದೆ. ನಿದ್ದೆಗೆ ಒಂದು. ಸ್ನೇಹಿತರಿಗೆ ಸೊನ್ನೆ. ಕೊನೆಯ ಪ್ರಶ್ನೆ: ಮನೆಯವರು ನಿನ್ನ ಕಷ್ಟ ಅರ್ಥಮಾಡಿಕೊಳ್ಳುತ್ತಾರೆಯೇ?

"ಎರಡು."

"ಮೂರು ಹಾಕ್ಲೇನೆ ಪುಟ್ಟಿ?"

"ಒಂದು, ಕಾರಲ್ಲಿ ಕರ್ಕೊಂಡು ಹೋಗೋದಕ್ಕೆ. ಇನ್ನೊಂದು, ಇವತ್ತು ಕೂತು ಕೇಳಿದ್ದಕ್ಕೆ. ಸುಮ್ನೆ ಬರಿ."

ಬರೆದೆ. ಐದಕ್ಕೆ ಎರಡು ಎಂದರೆ ನೂರಕ್ಕೆ ನಲವತ್ತು. ಪಾಸಾಗಲು ಮೂವತ್ತೈದು ಸಾಕು. ಈಗ ವಾರ ವಾರವೂ ಬರಲು ಹೇಳಿದ್ದಾರೆ. ಇಷ್ಟಾದ ಮೇಲೆ ನನಗೆ ಬುದ್ಧಿ ಬಂತೆಂದುಕೊಳ್ಳುವಷ್ಟರಲ್ಲಿ ಊರಿನಿಂದ ಅಮ್ಮನ ಫೋನ್ ಬಂತು.

"ಹೇಗಿದ್ದೀರೋ ಇಬ್ರೂ?"

"ಚೆನ್ನಾಗಿದ್ದೀವಮ್ಮ" ಎಂದುಬಿಟ್ಟೆ.